ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹತ್ತಿರದ ದಾರಿ

ಮಗಳ ಗ್ಲೋಬ್ ಮೇಲೆ ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಸುಮ್ನೆ ಒಂದು ದಾರ ಎಳೆದು ಹಿಡಿದೆ. ದಾರ ಪೆಸಿಫಿಕ್ ಸಾಗರದ ನಡುವೆ ನೇರವಾಗಿ ಹೋಗಲಿಲ್ಲ, ಉತ್ತರಕ್ಕೆ ಬಾಗಿ ಸೈಬೀರಿಯಾ, ಅಲಾಸ್ಕಾ ಕಡೆಯಿಂದ ಹಾದುಹೋಯಿತು! ಭೂಮಿ ದುಂಡಗಿದೆ ಅಲ್ವಾ, ಅದೇ ಹತ್ತಿರದ ದಾರಿ. ಹತ್ತಿರ ಅಂದರೂ ಸುಮಾರು 14,000 ಕಿಲೋಮೀಟರ್.

2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಇನ್ನೂ ಉತ್ತರಕ್ಕೆ ಹೋಗಿ, ಉತ್ತರ ಧ್ರುವದ ಮೇಲಿನಿಂದ ಬಂತು. ಎಲ್ಲೂ ಇಳಿಯದೆ ಸುಮಾರು 17 ಗಂಟೆ. ಕಾಕ್‌ಪಿಟ್‌ನಲ್ಲಿ ಇದ್ದವರೆಲ್ಲ ಹೆಣ್ಣುಮಕ್ಕಳು, ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ಮುಂದಾಳತ್ವ. ಕೆಳಗೆ ಬರೀ ಹಿಮ, ತುರ್ತಿಗೆ ಇಳಿಯಲು ಹತ್ತಿರದಲ್ಲಿ ದೊಡ್ಡ ನಿಲ್ದಾಣವೂ ಇಲ್ಲ. ಎಂಥ ಧೈರ್ಯ, ಎಷ್ಟು ತಯಾರಿ ಬೇಕು! ಮಗಳಿಗೆ ಈ ಕಥೆ ಹೇಳುವಾಗ ನನಗೇ ಹೆಮ್ಮೆ ಜಾಸ್ತಿ ಆಯಿತು.