ವಿಕಿಮೀಡಿಯ ಕಾಮನ್ಸ್‌ನಲ್ಲಿ ಒಬ್ಬ ಹೊಸ ಛಾಯಾಗ್ರಾಹಕ

ಛಾಯಾಗ್ರಹಣದ ಹವ್ಯಾಸಿಗಳ ಗುಂಪುಗಳಿಗೆ ನಮ್ಮಲ್ಲಿ ಬರವಿಲ್ಲ. ವಾಟ್ಸ್ಆಪ್ ಗುಂಪೊಂದಕ್ಕೆ ಸೂರ್ಯಾಸ್ತದ ಚಿತ್ರವನ್ನು ಕಳುಹಿಸಿದರೆ ‘ಸೂಪರ್ ಸರ್’ ಎಂಬ ಮೆಚ್ಚುಗೆ ಮರುಕ್ಷಣವೇ ಬಂದು ಬೀಳುತ್ತದೆ, ಸಂಜೆಯ ಹೊತ್ತಿಗೆ ಕಳುಹಿಸಿದವರೂ ಮೆಚ್ಚಿದವರೂ ಅದನ್ನು ಮರೆತಿರುತ್ತಾರೆ. ಅಂಥ ಗುಂಪುಗಳಲ್ಲಿ ಕೆಲವು ಕಾಲ ಇದ್ದು, ಯಾರು ಬೇಕಾದರೂ ಬಳಸಬಹುದಾದ ಚಿತ್ರಗಳ ಅಂತರಜಾಲ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೆ ಸೇರಿಕೊಂಡಾಗ ನನಗೆ ಮೊದಲು ಎದ್ದು ಕಂಡದ್ದು, ಚಿತ್ರ ಚೆನ್ನಾಗಿದೆಯೇ ಎಂದು ಅಲ್ಲಿ ಮೊದಲಿಗೆ ಯಾರೂ ಕೇಳುವುದಿಲ್ಲ ಎಂಬುದು. ಅವರ ಪ್ರಶ್ನೆಗಳೇ ಬೇರೆ: ಇದು ಏನು, ಎಲ್ಲಿಯದು, ತೆಗೆದವರು ಯಾರು, ಇದನ್ನು ಮತ್ತೊಬ್ಬರು ಯಾವ ಷರತ್ತಿನ ಮೇಲೆ ಬಳಸಬಹುದು?

2004ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಈ ಭಂಡಾರದಲ್ಲಿ ಇಂದು ಹತ್ತು ಕೋಟಿಗೂ ಹೆಚ್ಚು ಕಡತಗಳಿವೆ. ಕನ್ನಡ ವಿಕಿಪೀಡಿಯದ ಲೇಖನಗಳಲ್ಲಿ ಕಾಣುವ ಚಿತ್ರಗಳಲ್ಲಿ ಬಹುಪಾಲು ಇಲ್ಲಿಂದಲೇ ಬರುತ್ತವೆ, ಇಂಗ್ಲಿಷ್, ಜರ್ಮನ್, ತಮಿಳು ಆವೃತ್ತಿಗಳಿಗೂ ಇದೇ ಮೂಲ. ಹೀಗಾಗಿ ಇಲ್ಲಿಗೆ ಕೊಟ್ಟ ಚಿತ್ರ ಒಂದು ಬಗೆಯ ದಾಖಲೆಯಾಗುತ್ತದೆ. ತೆಗೆದವನ ಮನಸ್ಸಿನ ಭಾವಕ್ಕಿಂತ ಅದನ್ನು ನೋಡಿ ಏನನ್ನಾದರೂ ತಿಳಿದುಕೊಳ್ಳಲು ಬರುವ ಅಪರಿಚಿತ ಓದುಗನ ಅಗತ್ಯವೇ ಅಲ್ಲಿ ದೊಡ್ಡದು. ಇದನ್ನು ಒಪ್ಪಿಕೊಳ್ಳುವವರೆಗೆ ಹೊಸಬನಿಗೆ ಅಲ್ಲಿನ ನಿಯಮಗಳೆಲ್ಲ ಕಿರಿಕಿರಿಯಾಗಿಯೇ ತೋರುತ್ತವೆ.

ಆ ಕಿರಿಕಿರಿಗಳಲ್ಲಿ ಮೊದಲನೆಯದು ಪರವಾನಗಿ. ‘ವಾಣಿಜ್ಯ ಬಳಕೆಗೆ ಅವಕಾಶವಿಲ್ಲ’ ಎಂಬ ಷರತ್ತಿನ ಚಿತ್ರಗಳನ್ನು ಕಾಮನ್ಸ್ ತೆಗೆದುಕೊಳ್ಳುವುದಿಲ್ಲ. ಸಾಮಾನ್ಯವಾಗಿ ಬಳಸುವ ಕ್ರಿಯೇಟಿವ್ ಕಾಮನ್ಸ್ ಬಿವೈ-ಎಸ್ಎ 4.0 ಪರವಾನಗಿಯ ಪ್ರಕಾರ ಯಾರು ಬೇಕಾದರೂ, ಹಣಕ್ಕಾಗಿಯೂ, ಚಿತ್ರವನ್ನು ಬಳಸಬಹುದು, ತಿದ್ದಬಹುದು. ಆದರೆ ತೆಗೆದವರ ಹೆಸರು ಹೇಳಬೇಕು, ಪರವಾನಗಿಯನ್ನು ಸೂಚಿಸಬೇಕು, ತಿದ್ದಿದ ರೂಪವನ್ನು ಹಂಚಿದರೆ ಅದನ್ನೂ ಅದೇ ಷರತ್ತಿನಲ್ಲಿ ಹಂಚಬೇಕು. ಒಮ್ಮೆ ಕೊಟ್ಟ ಪರವಾನಗಿಯನ್ನು ಹಿಂದಕ್ಕೆ ಪಡೆಯುವಂತಿಲ್ಲ. ‘ನಾನು ಬಿಸಿಲಲ್ಲಿ ನಿಂತು ತೆಗೆದ ಚಿತ್ರದಿಂದ ಇನ್ನಾರೋ ಕ್ಯಾಲೆಂಡರ್ ಮಾಡಿ ಮಾರಿದರೆ?’ ಎಂಬ ಅಳುಕು ಪ್ರತಿಯೊಬ್ಬ ಹೊಸಬನಿಗೂ ಬರುತ್ತದೆ, ನನಗೂ ಬಂದಿತ್ತು. ಆದರೆ ಬೆಲೆ ನಮೂದಿಸಿ ಮಾರುವ ಸಣ್ಣ ಪ್ರಕಾಶಕನ ಕನ್ನಡ ಇತಿಹಾಸ ಪುಸ್ತಕವೂ ವಾಣಿಜ್ಯ ಬಳಕೆಯೇ ಎಂಬುದನ್ನು ಯೋಚಿಸಿದರೆ ಈ ನಿಯಮದ ಅರ್ಥ ತಿಳಿಯುತ್ತದೆ. ಕ್ಯಾಲೆಂಡರನ್ನು ತಡೆಯಲು ಹೋದರೆ ಪುಸ್ತಕವನ್ನೂ ತಡೆದಂತೆಯೇ. ಇದು ಒಪ್ಪದವರು ಸೇರದಿರುವುದೇ ಒಳ್ಳೆಯದು, ಅದರಲ್ಲಿ ತಪ್ಪೇನೂ ಇಲ್ಲ. ಛಾಯಾಗ್ರಹಣದಿಂದಲೇ ಹೊಟ್ಟೆ ಹೊರೆಯುವವರಿಗೆ ಲೆಕ್ಕಾಚಾರ ಬೇರೆಯೇ ಇರುತ್ತದೆ.

ಎರಡನೆಯದು ಹೆಸರು ಮತ್ತು ವಿವರಣೆ. ಕ್ಯಾಮೆರಾ ತಾನೇ ಕೊಡುವ ‘ಡಿಎಸ್‌ಸಿ’ ಎಂದು ಆರಂಭವಾಗುವ ಸಂಖ್ಯೆಯ ಹೆಸರಿನಲ್ಲೇ ಕಡತವನ್ನು ಏರಿಸಲು ಹೊರಟರೆ ವ್ಯವಸ್ಥೆಯೇ ತಡೆಯುತ್ತದೆ. ಚಿತ್ರದಲ್ಲಿ ಏನಿದೆಯೆಂದು ಹೆಸರಿನಲ್ಲೇ ತಿಳಿಯಬೇಕು. ಆಮೇಲೆ ವಿವರಣೆ, ದಿನಾಂಕ, ಸಾಧ್ಯವಾದರೆ ಅಕ್ಷಾಂಶ ರೇಖಾಂಶ, ಅದಾದ ಮೇಲೆ ವರ್ಗಗಳು. ‘ಭಾರತದ ದೇವಾಲಯಗಳು’ ಎಂಬ ವಿಶಾಲ ವರ್ಗಕ್ಕೆ ಚಿತ್ರವನ್ನು ತಳ್ಳಿ ಕೈತೊಳೆದುಕೊಂಡರೆ ಬೇರೊಬ್ಬ ಸದಸ್ಯ ಬಂದು ಅದನ್ನು ಆಯಾ ದೇವಾಲಯದ, ಆಯಾ ಭಾಗದ ವರ್ಗಕ್ಕೆ ಸರಿಸುತ್ತಾನೆ. ಕ್ಯಾಮೆರಾವನ್ನು ಮುಟ್ಟದೆ ಇಂಥ ಕೆಲಸವನ್ನೇ ಮಾಡುತ್ತ ಕೂರುವ ಸದಸ್ಯರು ಅಲ್ಲಿದ್ದಾರೆ. ಅವರ ತಾಳ್ಮೆಯನ್ನು ಕಂಡು ನನಗೆ ಮೊದಮೊದಲು ಆಶ್ಚರ್ಯವಾಗುತ್ತಿತ್ತು, ಈಗ ಗೌರವವಿದೆ.

ಛಾಯಾಗ್ರಹಣದ ನಿಜವಾದ ಪಾಠ ಮಾತ್ರ ಸಿಗುವುದು ಗುಣಮಟ್ಟದ ಪರಿಶೀಲನೆಯಲ್ಲಿ. ಸದಸ್ಯರು ತಾವೇ ತೆಗೆದ, ಕನಿಷ್ಠ 20 ಲಕ್ಷ ಪಿಕ್ಸೆಲ್‌ಗಳಿರುವ ಚಿತ್ರವನ್ನು ‘ಗುಣಮಟ್ಟದ ಚಿತ್ರ’ ಎಂಬ ಮುದ್ರೆಗಾಗಿ ಮುಂದಿಡಬಹುದು. ಇನ್ನೊಬ್ಬ ಸದಸ್ಯ ಅದನ್ನು ಪೂರ್ಣ ಗಾತ್ರದಲ್ಲಿ ತೆರೆದು ಮೂಲೆಮೂಲೆಯನ್ನೂ ನೋಡಿ ತೀರ್ಪು ಕೊಡುತ್ತಾನೆ. ಆ ತೀರ್ಪುಗಳು ಬಹಳ ಚಿಕ್ಕವು: ಎಡಕ್ಕೆ ವಾಲಿದೆ, ಲಂಬ ರೇಖೆಗಳು ಒಳಕ್ಕೆ ಬಾಗಿವೆ, ಶಿಖರದ ಅಂಚಿನಲ್ಲಿ ನೇರಳೆ ಗೆರೆ ಇದೆ, ಆಕಾಶದಲ್ಲಿ ಸೆನ್ಸರಿನ ಧೂಳಿನ ಚುಕ್ಕೆ ಇದೆ, ಶಾರ್ಪ್‌ನೆಸ್ ಅತಿಯಾಗಿದೆ. ಹೊಗಳಿಕೆಯೂ ಇಲ್ಲ, ಕ್ಷಮೆಯಾಚನೆಯೂ ಇಲ್ಲ. ನಮ್ಮವರ ಮುಲಾಜಿನ ಮಾತಿಗೆ ಒಗ್ಗಿದ ಕಿವಿಗೆ ಇದು ಸಿಡುಕಿನಂತೆ ಕೇಳಿಸುತ್ತದೆ. ಆದರೆ ಅದೇ ದೋಷವನ್ನು ಸರಿಪಡಿಸಿ ಮತ್ತೆ ಏರಿಸಿದರೆ ಅದೇ ವ್ಯಕ್ತಿ ಒಂದೇ ಪದದಲ್ಲಿ ಒಪ್ಪಿಗೆ ಸೂಚಿಸಿ ಮುಂದಕ್ಕೆ ಹೋಗುತ್ತಾನೆ. ಆತನಿಗೆ ನನ್ನ ಮೇಲೆ ಕೋಪವೂ ಇರಲಿಲ್ಲ, ಪ್ರೀತಿಯೂ ಇರಲಿಲ್ಲ ಎಂಬುದು ಆಗ ತಿಳಿಯುತ್ತದೆ.

ಈ ಪರಿಶೀಲನೆಗೆಂದು ಚಿತ್ರ ತೆಗೆಯಲು ಹೊರಟಾಗ ಸೋಮನಾಥಪುರದ ಕೇಶವ ದೇವಾಲಯವನ್ನು ನಾನು ನೋಡುವ ರೀತಿಯೇ ಬದಲಾಯಿತು. ನಕ್ಷತ್ರಾಕಾರದ ಜಗತಿಕಟ್ಟೆಯ ಮೇಲೆ ನಿಂತ, ಮೂರು ಗರ್ಭಗುಡಿಗಳ ಆ ತ್ರಿಕೂಟದ ಎದುರು ವೈಡ್ ಆಂಗಲ್ ಲೆನ್ಸಿನ ಕ್ಯಾಮೆರಾವನ್ನು ಮೇಲಕ್ಕೆತ್ತಿದ ಕೂಡಲೇ ಶಿಖರಗಳೆಲ್ಲ ಹಿಂದಕ್ಕೆ ಬೀಳುವಂತೆ ಕಾಣುತ್ತವೆ. ಕ್ಯಾಮೆರಾವನ್ನು ನೆಲಕ್ಕೆ ಸಮತಟ್ಟಾಗಿ ಹಿಡಿಯಬೇಕು, ಕೆಳಗಿನ ಅಂಗಳ ಬೇಕೆಂದರೂ ಬೇಡವೆಂದರೂ ಚೌಕಟ್ಟಿನೊಳಗೆ ಬರುತ್ತದೆ, ಅದನ್ನು ಆಮೇಲೆ ಕತ್ತರಿಸಬಹುದು. ಇಲ್ಲವಾದರೆ ಸುತ್ತಲಿನ ಕೈಸಾಲೆಯವರೆಗೂ ಹಿಂದೆ ಸರಿದು ಉದ್ದನೆಯ ಲೆನ್ಸಿನಿಂದ ಒಂದೊಂದೇ ಭಾಗವನ್ನು ತೆಗೆಯಬೇಕು. ಟ್ರೈಪಾಡ್ ತಂದರೆ ಎಲ್ಲವೂ ಸುಲಭವಾಗುತ್ತಿತ್ತು, ಆದರೆ ಪುರಾತತ್ವ ಸರ್ವೇಕ್ಷಣೆಯ ಸ್ಮಾರಕಗಳಲ್ಲಿ ಅದಕ್ಕೆ ಮುಂಚಿತವಾಗಿ ಅನುಮತಿ ಬೇಕು.

ಬೆಳಕಿನ ವಿಷಯ ಇನ್ನೂ ಸೂಕ್ಷ್ಮವಾದದ್ದು. ಬಳಪದ ಕಲ್ಲಿನ ಉಬ್ಬುಶಿಲ್ಪದ ಮೇಲೆ ಬೆಳಕು ಎದುರಿನಿಂದ ಬಿದ್ದರೆ ಆನೆಗಳ ಸಾಲು, ಕುದುರೆಗಳ ಸಾಲು, ಬಳ್ಳಿಯ ಸಾಲು ಎಲ್ಲವೂ ಒಂದೇ ಬೂದು ಬಣ್ಣದಲ್ಲಿ ಚಪ್ಪಟೆಯಾಗುತ್ತವೆ. ಪಕ್ಕದಿಂದ ಓರೆಯಾಗಿ ಬಿದ್ದರೆ ಆನೆಯ ಸೊಂಡಿಲಿನ ಮಡಿಕೆಯೂ ಸರಪಳಿಯ ಕೊಂಡಿಯೂ ಬೇರೆಬೇರೆಯಾಗಿ ಏಳುತ್ತವೆ. ಸೋಮನಾಥಪುರವಿರುವುದು ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್‌ನ ನಡುಹಗಲಿನಲ್ಲಿ ಸೂರ್ಯ ದಕ್ಷಿಣದ ಕಡೆಗೆ ಸುಮಾರು 54 ಡಿಗ್ರಿ ಎತ್ತರದಲ್ಲಿರುತ್ತಾನೆ, ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ಮೂರನೆಯ ವಾರದವರೆಗೆ ನೇರ ಉತ್ತರಕ್ಕೆ ಮುಖ ಮಾಡಿದ ಭಿತ್ತಿಗೆ ಬಿಸಿಲು ತಾಕುವುದೇ ಇಲ್ಲ. ಆದರೆ ಹೊಯ್ಸಳರ ನಕ್ಷತ್ರ ವಿನ್ಯಾಸದಲ್ಲಿ ಗೋಡೆ ಹಲವು ಕೋನಗಳಲ್ಲಿ ತಿರುಗುವುದರಿಂದ ಈಶಾನ್ಯಕ್ಕೆ ಓರೆಯಾದ ಮುಖಗಳಿಗೆ ಚಳಿಗಾಲದಲ್ಲೂ ಬೆಳಗಿನ ಹೊತ್ತು ಸ್ವಲ್ಪ ಬಿಸಿಲು ಸವರಿಕೊಂಡು ಹೋಗುತ್ತದೆ. ಪಕ್ಕಪಕ್ಕದ ಎರಡು ವಿಗ್ರಹಗಳಿಗೆ ಒಳ್ಳೆಯ ಬೆಳಕು ಬರುವ ಹೊತ್ತು ಬೇರೆಬೇರೆ ಎಂಬುದು ಅಲ್ಲಿ ಸುಮ್ಮನೆ ಸುತ್ತುವವರ ಗಮನಕ್ಕೆ ಬರುವುದಿಲ್ಲ. ಪರಿಶೀಲಕನೊಬ್ಬ ‘ಬೆಳಕು ಚಪ್ಪಟೆ’ ಎಂದು ಬರೆದಾಗ ಮಾತ್ರ ಗಡಿಯಾರವನ್ನೂ ದಿಕ್ಕನ್ನೂ ಲೆಕ್ಕ ಹಾಕಬೇಕಾಗುತ್ತದೆ.

ಹೀಗೆ ವಿಗ್ರಹಗಳನ್ನು ಹತ್ತಿರದಿಂದ ತೆಗೆಯುವಾಗ ಪೀಠದ ಅಂಚಿನಲ್ಲಿ ಕಾಣುವುದು ಶಿಲ್ಪಿಯ ರುಜು. ಸೋಮನಾಥಪುರದ ಹಲವು ವಿಗ್ರಹಗಳ ಕೆಳಗೆ ಮಲ್ಲಿತಮ್ಮನೆಂಬ ಶಿಲ್ಪಿಯ ಹೆಸರಿದೆ, ಕೆಲವೆಡೆ ಅದು ಮೊದಲಕ್ಷರಕ್ಕೆ ಇಳಿದಿದೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲೂ ಬೈಚೋಜನ ಜೊತೆಗೆ ಅವನ ಹೆಸರು ಸಿಗುತ್ತದೆ, ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಚಾವಣನೂ ಹೆಸರು ಬಿಟ್ಟುಹೋಗಿದ್ದಾರೆ. ಭಾರತದ ಎಷ್ಟೋ ಮಹಾದೇವಾಲಯಗಳಲ್ಲಿ ಕೆತ್ತಿದವರು ಯಾರೆಂಬುದಕ್ಕೆ ಒಂದಕ್ಷರವೂ ಇಲ್ಲದಿರುವಾಗ ಹೊಯ್ಸಳ ಶಿಲ್ಪಿಗಳ ಈ ರೂಢಿ ವಿಶೇಷವಾದದ್ದು. ಆ ರುಜು ವಿಗ್ರಹದ ಮುಖದ ಮೇಲಿಲ್ಲ, ಎದೆಯ ಮೇಲಿಲ್ಲ, ಬಗ್ಗಿ ನೋಡಿದವನಿಗೆ ಮಾತ್ರ ಕಾಣುವಲ್ಲಿದೆ. ಚಿತ್ರದ ನಟ್ಟನಡುವೆ ಅಡ್ಡಲಾಗಿ ‘ಇಂಥವರ ಫೋಟೋಗ್ರಫಿ’ ಎಂದು ವಾಟರ್‌ಮಾರ್ಕ್ ಹೊಡೆಯುವ ನಮ್ಮ ಕಾಲದ ಚಟವನ್ನು ಕಾಮನ್ಸ್ ಇಷ್ಟಪಡುವುದಿಲ್ಲ. ತೆಗೆದವರ ಹೆಸರು ಕಡತದ ಪುಟದಲ್ಲಿ ಇರಲಿ, ಕಡತದೊಳಗೇ ಅಡಗಿರುವ ಮಾಹಿತಿಯಾದ ಮೆಟಾಡೇಟಾದಲ್ಲಿ ಇರಲಿ, ಚಿತ್ರವನ್ನು ಕೆಡಿಸುವುದು ಬೇಡ ಎನ್ನುತ್ತದೆ. ಮಲ್ಲಿತಮ್ಮನ ಪದ್ಧತಿಯೂ ಹೆಚ್ಚುಕಡಿಮೆ ಇದೇ ಆಗಿತ್ತೆಂದು ನನಗನ್ನಿಸುತ್ತದೆ. ಅವನ ಹೆಸರನ್ನು ನಾನು ವಿವರಣೆಯಲ್ಲಿ ನನ್ನ ಹೆಸರಿಗಿಂತ ಮೊದಲು ಬರೆಯುತ್ತೇನೆ.

‘ವಿಶೇಷ ಚಿತ್ರ’ ಎಂಬುದು ‘ಗುಣಮಟ್ಟದ ಚಿತ್ರ’ಕ್ಕಿಂತ ಮೇಲಿನ ಮೆಟ್ಟಿಲು. ಅದಕ್ಕೆ ಒಂಬತ್ತು ದಿನ ಮತದಾನ ನಡೆಯುತ್ತದೆ, ಕನಿಷ್ಠ ಏಳು ಮತಗಳ ಬೆಂಬಲ ಬೇಕು, ಬೆಂಬಲ ವಿರೋಧಗಳಲ್ಲಿ ಮೂರನೇ ಎರಡರಷ್ಟು ಬೆಂಬಲದ ಕಡೆಗಿರಬೇಕು. ಇಲ್ಲಿ ಅಂದಚೆಂದದ ಚರ್ಚೆಯೂ ಬರುತ್ತದೆ, ಹಾಗಾಗಿ ಜಗಳವೂ ಬರುತ್ತದೆ. ಹೊಸಬರು ಮೊದಲು ಇಲ್ಲಿ ಓದುಗರಾಗಿ ಕುಳಿತುಕೊಳ್ಳುವುದು ಲೇಸು.

ಅಳಿಸುವಿಕೆಯ ವಿಷಯದಲ್ಲೂ ಒಂದು ಮಾತು ಹೇಳಬೇಕು, ಏಕೆಂದರೆ ಹೊಸಬರು ಹೆಚ್ಚಾಗಿ ಬಿಟ್ಟುಹೋಗುವುದು ಇದೇ ಕಾರಣಕ್ಕೆ. ನಾವೇ ತೆಗೆದ ಚಿತ್ರವಾದರೂ ಅದರೊಳಗಿನ ವಸ್ತುವಿಗೆ ಬೇರೊಬ್ಬರ ಕೃತಿಸ್ವಾಮ್ಯವಿರಬಹುದು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಕಟ್ಟಡಗಳ ಚಿತ್ರಕ್ಕೂ, ಸಾರ್ವಜನಿಕ ಸ್ಥಳದಲ್ಲಿ ಕಾಯಂ ಆಗಿ ನಿಲ್ಲಿಸಿದ ಶಿಲ್ಪಗಳ ಚಿತ್ರಕ್ಕೂ ವಿನಾಯಿತಿ ಕೊಡುತ್ತದೆ. ಆದ್ದರಿಂದ ವೃತ್ತದಲ್ಲಿ ನಿಂತ ಇತ್ತೀಚಿನ ಕಂಚಿನ ಪ್ರತಿಮೆಗೆ ತೊಂದರೆಯಿಲ್ಲ. ಆದರೆ ಬೆಂಗಳೂರಿನ ಗೋಡೆಗಳ ಮೇಲೆ ಈಚೆಗೆ ಬರೆದ ದೊಡ್ಡ ವರ್ಣಚಿತ್ರಗಳಿಗೆ ಆ ವಿನಾಯಿತಿ ಅನ್ವಯಿಸುವುದಿಲ್ಲವೆಂದು ಕಾಮನ್ಸ್ ಪರಿಗಣಿಸುತ್ತದೆ, ಕಲಾವಿದರ ಅನುಮತಿಯಿಲ್ಲದೆ ಅವು ಉಳಿಯುವುದಿಲ್ಲ. ಎಂಟುನೂರು ವರ್ಷ ಹಳೆಯ ದೇವಾಲಯಕ್ಕೆ ಈ ತಾಪತ್ರಯವೇ ಇಲ್ಲದಿರುವುದು ನಮ್ಮಂಥವರ ಭಾಗ್ಯ.

ನನ್ನ ನಿಜವಾದ ಅಸಮಾಧಾನವಿರುವುದು ಭಾಷೆಯ ಬಗ್ಗೆ. ವರ್ಗಗಳ ಹೆಸರುಗಳೆಲ್ಲ ಹೆಚ್ಚುಕಡಿಮೆ ಇಂಗ್ಲಿಷಿನಲ್ಲಿವೆ, ಚರ್ಚೆಗಳೂ ಅದೇ ಭಾಷೆಯಲ್ಲಿ ನಡೆಯುತ್ತವೆ. ಊರಿನ ವೀರಗಲ್ಲಿನ ಮೇಲೆ ಏನಿದೆಯೆಂದು ಚೆನ್ನಾಗಿ ಬಲ್ಲ, ಒಳ್ಳೆಯ ಮೊಬೈಲ್ ಕ್ಯಾಮೆರಾವೂ ಇರುವ ಹಳ್ಳಿಯ ಶಾಲಾ ಶಿಕ್ಷಕರೊಬ್ಬರಿಗೆ ಈ ಬಾಗಿಲು ಅರ್ಧ ಮಾತ್ರ ತೆರೆದಿದೆ. ಆದರೆ ವಿವರಣೆಯನ್ನು ಕನ್ನಡದಲ್ಲಿ ಬರೆಯಲು ಯಾವ ಅಡ್ಡಿಯೂ ಇಲ್ಲ. ಇಂಗ್ಲಿಷ್ ಬಲ್ಲ ನಾವೇ ಆ ಜಾಗವನ್ನು ಖಾಲಿ ಬಿಡುತ್ತಿದ್ದೇವೆ.

ಸೇರಬೇಕೆಂದಿರುವವರಿಗೆ ಸೆಪ್ಟೆಂಬರ್ ತಿಂಗಳು ಒಳ್ಳೆಯ ಸಮಯ. 2010ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಆರಂಭವಾದ ‘ವಿಕಿ ಲವ್ಸ್ ಮಾನ್ಯುಮೆಂಟ್ಸ್’ ಎಂಬ ಸ್ಮಾರಕಗಳ ಛಾಯಾಚಿತ್ರ ಸ್ಪರ್ಧೆ ಸಾಮಾನ್ಯವಾಗಿ ಆ ತಿಂಗಳಲ್ಲೇ ನಡೆಯುತ್ತದೆ, ಭಾರತ ಅದರಲ್ಲಿ 2012ರಿಂದ ಭಾಗವಹಿಸಿದೆ. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಅಲ್ಲಿನ ಚಿತ್ರ ತೆಗೆಯುವವರಿಗೆ ಕೊರತೆಯಿಲ್ಲ, ಮತ್ತೊಂದು ಮುಂಭಾಗದ ನೋಟ ಅಲ್ಲಿ ಯಾರಿಗೂ ಬೇಕಾಗಿಲ್ಲ. ಹೊಸಹೊಳಲು, ಗೋವಿಂದನಹಳ್ಳಿ, ಅರಳಗುಪ್ಪೆ, ಜಾವಗಲ್ಲುಗಳ ಹೊಯ್ಸಳ ದೇವಾಲಯಗಳ ಕಡೆಗೆ ಹೋಗುವುದು ಮೇಲು. ಅಲ್ಲಿನ ಉತ್ತರ ಭಿತ್ತಿಯನ್ನು ಏಪ್ರಿಲ್‌ನಿಂದ ಆಗಸ್ಟ್‌ವರೆಗಿನ ಬೆಳಗಿನ ಬಿಸಿಲಿನಲ್ಲಿ ಒಂದೊಂದೇ ಫಲಕವಾಗಿ ತೆಗೆದು, ಯಾವ ವಿಗ್ರಹದ ಪಕ್ಕದಲ್ಲಿ ಯಾವುದಿದೆ ಎಂಬುದನ್ನು ಕನ್ನಡದಲ್ಲಿ ಬರೆದು ಏರಿಸಿದರೆ, ಅದನ್ನು ಪರಿಶೀಲಿಸಲು ಯಾವುದೋ ದೂರದ ಊರಿನ ಒಬ್ಬ ಗಂಟುಮೋರೆಯ ಸದಸ್ಯ ಖಂಡಿತ ಬರುತ್ತಾನೆ.