‘ತಪ್ಪಾಯ್ತು’ ಅಂದರೆ ಸಾಲದು, ಡಾಕ್ಟ್ರೇ

ಕೆಂಪು ಮುಚ್ಚಳದ ಸಿರಿಂಜು ಮಿಲಿಲೀಟರಿಗೆ 40 ಯೂನಿಟ್ ಇರುವ ಇನ್ಸುಲಿನ್ನಿಗೆ, ಕೇಸರಿ ಮುಚ್ಚಳದ್ದು 100 ಇರುವುದಕ್ಕೆ. ರಾತ್ರಿ ಪಾಳಿಯಲ್ಲಿ 100ರದ್ದನ್ನು ಕೆಂಪು ಸಿರಿಂಜಿನಲ್ಲಿ ಎಳೆದರೆ ಚೀಟಿಯಲ್ಲಿದ್ದ 10 ಯೂನಿಟ್ ಮೈಯೊಳಗೆ 25 ಆಗುತ್ತದೆ. ಅಜ್ಜಿ ಬೆವರುತ್ತಾರೆ, ಕೈ ನಡುಗುತ್ತದೆ, ಶುಗರ್ 70ರ ಕೆಳಗೆ. ಡೆಕ್ಸ್ಟ್ರೋಸ್ (ಸಕ್ಕರೆ ದ್ರಾವಣ) ಕೊಟ್ಟು, 15 ನಿಮಿಷಕ್ಕೊಮ್ಮೆ ಶುಗರ್ ನೋಡಿ, ಅವರು ಚೇತರಿಸಿಕೊಂಡರು ಎಂದಿಟ್ಟುಕೊಳ್ಳಿ. ಆಮೇಲೆ ಅವರಿಗೆ ತಪ್ಪು ಒಪ್ಪಿ ಹೇಳುವ ಮಾತೇ ಕಷ್ಟ.

ಸಿರಿಂಜು, ವಯಲ್ (ಔಷಧದ ಸೀಸೆ) ಎಸೆಯಬೇಡಿ. ಕೇಸ್ ಶೀಟಿನಲ್ಲಿ ಸಮಯ ಹಾಕಿ ನಡೆದದ್ದನ್ನು ಬರೆಯಿರಿ. ತಿದ್ದುವುದಿದ್ದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ. ಕೇಳಿದ ರೋಗಿಗೆ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮ ಹೇಳುತ್ತದೆ. ವೈಟ್ನರ್ ಬಳಿದ ಹಾಳೆಯನ್ನು ಯಾರು ನಂಬುತ್ತಾರೆ?

ಹೇಳಬೇಕಾದವರು ಚಿಕಿತ್ಸೆಯ ಹೊಣೆ ಹೊತ್ತ ಡಾಕ್ಟ್ರು, ಅದೇ ದಿನ, ಕೂತುಕೊಂಡು. ಹೌಸ್ ಸರ್ಜನ್ನನ್ನು, ಅಂದರೆ ಇನ್ನೂ ಕಲಿಯುತ್ತಿರುವ ಡಾಕ್ಟ್ರನ್ನು, ಮುಂದೆ ತಳ್ಳುವುದು ಹೇಡಿತನ. ನರ್ಸಿನ ತಲೆಗೆ ಕಟ್ಟುವುದು ಅದಕ್ಕಿಂತ ಕೀಳು: ಎರಡೂ ಬಗೆಯ ಸಿರಿಂಜು ಒಂದೇ ಟ್ರೇಯಲ್ಲಿದ್ದದ್ದು ಯಾರ ಏರ್ಪಾಡು?

ಕಾಸರಗೋಡಿನಲ್ಲಿ ಭಾಷೆಯ ಗೋಜಲು ಬೇರೆ. ಒಂದೇ ವಾರ್ಡಿನಲ್ಲಿ ತುಳು, ಮಲಯಾಳ, ಕನ್ನಡ, ಬ್ಯಾರಿ. ‘ತಪ್ಪಾಂಡ್’, ‘ತೆಟ್ಟು ಪಟ್ಟಿ’, ‘ತಪ್ಪಾಯ್ತು’ ಎಂದು ಬಿಟ್ಟರೆ ಯಾರು ಮಾಡಿದ್ದೆಂಬುದು ಮೆಲ್ಲಗೆ ಜಾರಿಹೋಗುತ್ತದೆ, ತಪ್ಪು ಮಳೆಯ ಹಾಗೆ ತಾನೇ ಬಿದ್ದಂತೆ. ‘ತೊಂದರೆ ಆಗಿದ್ದರೆ ಕ್ಷಮಿಸಿ’ ಇನ್ನೂ ಕೆಟ್ಟದ್ದು. ಬೆವರಿ ಒದ್ದೆಯಾದವರ ಎದುರು ‘ಆಗಿದ್ದರೆ’ ಏನು? ಹೀಗೆ ಹೇಳಿ: ‘ಅಜ್ಜೀ, 10 ಕೊಡಬೇಕಾದಲ್ಲಿ ನಾವು 25 ಕೊಟ್ಟೆವು. ಅದಕ್ಕೇ ನಿಮಗೆ ನಡುಕ ಬಂದದ್ದು. ತಪ್ಪು ನಮ್ಮದು, ಕ್ಷಮಿಸಿ.’ ಆಮೇಲೆ ಬಾಯಿ ಮುಚ್ಚಿ. ಅವರು ಬೈದರೆ ಬೈಯಲಿ. ಭಾಷೆ ಬಾರದಿದ್ದರೆ ಬಲ್ಲ ಸಿಬ್ಬಂದಿಯನ್ನು ಕರೆಯಿರಿ, ಮೊಮ್ಮಗುವಿನ ಬಾಯಲ್ಲಿ ಹೇಳಿಸಬೇಡಿ. ಕಾರಣ ಇನ್ನೂ ಗೊತ್ತಿಲ್ಲದಿದ್ದರೆ ಊಹಿಸದೆ, ಮತ್ತೆ ಯಾವ ದಿನ ಬಂದು ಹೇಳುತ್ತೀರೆಂದು ತಿಳಿಸಿ.

ಕೋರ್ಟಿನ ಹೆದರಿಕೆ ಸುಳ್ಳಲ್ಲ. ಸುಪ್ರೀಂ ಕೋರ್ಟಿನ 1995ರ ಶಾಂತಾ ತೀರ್ಪಿನ ನಂತರ ಹಣ ಕೊಡುವ ರೋಗಿ ಗ್ರಾಹಕನೇ, ಗ್ರಾಹಕ ನ್ಯಾಯಾಲಯಕ್ಕೆ ಹೋಗಬಲ್ಲ. ಆದರೂ 2001ರಿಂದ ತಪ್ಪನ್ನು ತಾವೇ ಹೇಳಿ ಪರಿಹಾರ ಕೊಡತೊಡಗಿದ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಆಸ್ಪತ್ರೆಗಳಲ್ಲಿ ದಾವೆಗಳು ಇಳಿದವು.

ಬಿಲ್ಲಿಂಗ್ ಕೌಂಟರಿಗೂ ಅಂದೇ ಹೇಳಿಡಿ. ನಮ್ಮ ತಪ್ಪಿಗೆ ಏರಿಸಿದ ಡೆಕ್ಸ್ಟ್ರೋಸಿನ ಹಣ ಡಿಸ್ಚಾರ್ಜ್ ಬಿಲ್ಲಿನಲ್ಲಿ ಕಂಡರೆ, ಅಜ್ಜಿಯ ಮಗ ಆ ಬಿಲ್ಲನ್ನೇ ಹಿಡಿದು ವಕೀಲರ ಮನೆಗೆ ಹೋಗುತ್ತಾನೆ.