ಉಣ್ಣೆಯ ಕಾರ್ಪೆಟ್ಟಿನ ಮೇಲೆ ಚೆಲ್ಲಿದ ಅರಸಿನ

ಬದಿಯಡ್ಕದ ನಮ್ಮ ಮನೆಯ ಚಾವಡಿಯಲ್ಲಿ ಹಾಸಿರುವ ಉಣ್ಣೆಯ ಕಾರ್ಪೆಟ್ಟನ್ನು ಭಾವನವರು ದುಬಾಯಿಯಿಂದ ಬರುವಾಗ ತಂದಿದ್ದರು. ಕಳೆದ ವರ್ಷ ನಾದಿನಿಯ ಮಗುವಿನ ನಾಮಕರಣದ ದಿನ ಅದರ ಅಂಚಿಗೆ ಅರಸಿನ ಕಲಸಿದ ನೀರು ಚೆಲ್ಲಿತು. ಕಲೆ ಒಣಗುವ ಮೊದಲೇ ತೆಗೆಯಬೇಕೆಂಬ ಆತುರದಲ್ಲಿ ನಾನು ಬಟ್ಟೆ ಒಗೆಯುವ ಬಾರ್ ಸೋಪನ್ನು ಅದರ ಮೇಲೆ ಉಜ್ಜಿದಾಗ, ನೋಡುನೋಡುತ್ತಿದ್ದಂತೆ ಹಳದಿ ಮಾಯವಾಗಿ ರಕ್ತದಂತಹ ಕೆಂಪು ಮೂಡಿತು. ಪಕ್ಕದಲ್ಲಿದ್ದ ಅತ್ತೆಯವರು, “ಇದು ಕುರುದಿಯೇ ಆಯಿತಲ್ಲ ಮಾರಾಯ್ತಿ” ಎಂದರು.

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಆರತಿಗೆ ಕುರುದಿ ಕದಡುವಾಗ ಅರಸಿನಕ್ಕೆ ಸುಣ್ಣ ಬೆರೆಸುತ್ತೇವೆ. ಸುಣ್ಣದ ಕ್ಷಾರಗುಣವೇ ಅರಸಿನದಲ್ಲಿರುವ ಕರ್ಕ್ಯುಮಿನ್ ಎಂಬ ಬಣ್ಣವನ್ನು ಕೆಂಪಾಗಿಸುತ್ತದೆ, ಸೋಪಿನಲ್ಲಿರುವುದೂ ಅದೇ ಗುಣ. ಒಂದು ಲೋಟ ತಣ್ಣೀರಿಗೆ ಒಂದು ಚಮಚ ಬಿಳಿ ವಿನೆಗರ್ ಬೆರೆಸಿ, ಅದರಲ್ಲಿ ಅದ್ದಿದ ಬಿಳಿ ಬಟ್ಟೆಯಿಂದ ಉಜ್ಜದೆ ಒತ್ತುತ್ತಾ ಹೋದಾಗ ಕೆಂಪು ಮತ್ತೆ ಹಳದಿಗೆ ತಿರುಗಿತು, ಉಳಿದ ಹಳದಿ ಬಿಸಿಲಿನಲ್ಲಿ ದಿನಗಳೆದಂತೆ ಮಾಸಿತು. ಆದರೆ ಸೋಪು ಉಜ್ಜಿದ ಅಂಗೈಯಗಲದ ಜಾಗದಲ್ಲಿ ನೂಲು ಜಡೆಗಟ್ಟಿ ಗಡುಸಾಗಿರುವುದು ಕೈಯಾಡಿಸಿದರೆ ಇಂದಿಗೂ ತಿಳಿಯುತ್ತದೆ.

ಉಣ್ಣೆಯು ನಮ್ಮ ಕೂದಲಿನಂತೆ ಕೆರಾಟಿನ್ ಎಂಬ ಪ್ರೋಟೀನಿನಿಂದಾದದ್ದು. ಕ್ಷಾರ, ಬಿಸಿನೀರು ಮತ್ತು ತಿಕ್ಕಾಟ ಮೂರೂ ಒಟ್ಟು ಸೇರಿದರೆ ಅದರ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಬಿಡಿಸಲಾಗದಂತಾಗುತ್ತವೆ. ರಕ್ತ, ಹಾಲಿನ ಕಲೆಗಳನ್ನು ತೆಗೆಯಲೆಂದು ಕೆಲವು ವಾಷಿಂಗ್ ಪೌಡರುಗಳಲ್ಲಿ ಸೇರಿಸುವ ಕಿಣ್ವಗಳು ಪ್ರೋಟೀನನ್ನೇ ಒಡೆಯುವಂಥವಾದ್ದರಿಂದ ಉಣ್ಣೆಯನ್ನೂ ಬಿಡುವುದಿಲ್ಲ. ಕ್ಲೋರಿನ್ ಬ್ಲೀಚಂತೂ ಅದನ್ನು ಕರಗಿಸಿಬಿಡುತ್ತದೆ. ಎಲ್ಲ ಕಾರ್ಪೆಟ್ಟಿಗೂ ಸಲಹೆ ಮಾಡಲಾಗುವ ಅಡಿಗೆ ಸೋಡಾ ಕೂಡ ಕ್ಷಾರವೇ ಆದ್ದರಿಂದ ಉಣ್ಣೆಯ ಮೇಲೆ ಅದನ್ನು ನೀರಿನಲ್ಲಿ ಕಲಸಿ ಹಚ್ಚುವುದನ್ನು ನಾನು ಒಪ್ಪುವುದಿಲ್ಲ.

ಉಣ್ಣೆ ಬಟ್ಟೆಗೆಂದೇ ಮಾರುವ ದ್ರವ ಮಾರ್ಜಕ ಇದಕ್ಕೆ ತಕ್ಕದ್ದು. ಅತ್ತೆಯವರು ರೇಷ್ಮೆ ಸೀರೆಗೆ ಬಳಸುವ ಅಂಟುವಾಳಕಾಯಿಯೂ ಆಗುತ್ತದೆ: ಬೀಜ ತೆಗೆದ ಸಿಪ್ಪೆಯನ್ನು ರಾತ್ರಿ ನೆನೆಸಿ, ಬೆಳಗ್ಗೆ ಕಿವುಚಿ ಸೋಸಿ, ನೊರೆಯನ್ನಷ್ಟೇ ಬಟ್ಟೆಯಲ್ಲಿ ತೆಗೆದುಕೊಂಡು ಹಚ್ಚಬೇಕು. ಅದರ ನೀರು ಕಂದು ಬಣ್ಣದ್ದಾದ್ದರಿಂದ ಬಿಳಿ ಉಣ್ಣೆಗೆ ಬೇಡ. ಯಾವ ದ್ರವವನ್ನೇ ಕೊಂಡುತಂದರೂ ನಾನೀಗ ಬಿಳಿ ತಟ್ಟೆಯಲ್ಲಿ ಅದರ ನಾಲ್ಕು ಹನಿಗೆ ನೀರು ಬೆರೆಸಿ ಚಿಟಿಕೆ ಅರಸಿನ ಹಾಕಿ ನೋಡುತ್ತೇನೆ. ಕೆಂಪಾದರೆ ಅದು ಉಣ್ಣೆಯ ಬಳಿಗೆ ಹೋಗುವುದಿಲ್ಲ.

ಪೇಟೆಯಲ್ಲಿ ಕಡಿಮೆ ಬೆಲೆಗೆ ಸಿಗುವ ಕಾರ್ಪೆಟ್ಟುಗಳಲ್ಲಿ ಬಹಳಷ್ಟು ಪಾಲಿಪ್ರೊಪಿಲೀನಿನವು. ಇವು ನೀರನ್ನು ಹೀರುವುದಿಲ್ಲ, ಕ್ಷಾರಕ್ಕೂ ಹೆದರುವುದಿಲ್ಲ, ಆದರೆ ಎಣ್ಣೆಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಪಾತ್ರೆ ತೊಳೆಯುವ ದ್ರವದ ಕೆಲವು ಹನಿ ಸಾಕು. ಅದನ್ನು ಪೂರ್ತಿ ತೊಳೆದು ತೆಗೆಯದಿದ್ದರೆ ಉಳಿದ ಅಂಟಿಗೆ ಧೂಳು ಕೂರುತ್ತದೆ. ಒಣಗಿಸಲು ಇಸ್ತ್ರಿಪೆಟ್ಟಿಗೆ ಮುಟ್ಟಿಸಬಾರದು, ಏಕೆಂದರೆ ಈ ನೂಲು ಸುಮಾರು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಹತ್ತಿಯ ಜಮಖಾನಕ್ಕೆ ಸಾಮಾನ್ಯ ಮಾರ್ಜಕ ಆಗುತ್ತದೆ, ಬಣ್ಣ ಬಿಡುತ್ತದೆಯೇ ಎಂದು ಮೂಲೆಯಲ್ಲಿ ಪರೀಕ್ಷಿಸಿದರಾಯಿತು. ತೆಂಗಿನ ನಾರಿನ ಚಾಪೆಯನ್ನು ನೀರು ಹೊಯ್ದು ತೊಳೆಯಬಹುದು, ಅದರಂತೆಯೇ ಕಾಣುವ ಸೆಣಬಿನದ್ದನ್ನು ತೊಯ್ಯಿಸಿದರೆ ಕಂದು ಕಲೆ ಏಳುತ್ತದೆ. ಅದಕ್ಕೆ ಒಣ ಬ್ರಷ್ಷೇ ಸರಿ.

ಯಾವುದರಿಂದ ನೇಯ್ದದ್ದೆಂಬ ಚೀಟಿ ಹರಿದುಹೋಗಿದ್ದರೆ ಅಂಚಿನ ಒಂದು ಎಳೆಯನ್ನು ಕಿತ್ತು, ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಬೇಕು. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ಉಣ್ಣೆ, ಕಾಗದದಂತೆ ಉರಿದರೆ ಹತ್ತಿ ಅಥವಾ ಸೆಣಬು, ಕರಗಿ ಗಟ್ಟಿ ಮಣಿಯಾದರೆ ಕೃತಕ ನೂಲು.

ನಮ್ಮೂರಿನ ಕೆಂಪು ಮಣ್ಣಿನ ಕೆಸರು ತಾಗಿದರೆ ಒಣಗುವವರೆಗೆ ಮುಟ್ಟದಿರುವುದೇ ಒಳ್ಳೆಯದು; ಒಣಗಿದ ಮೇಲೆ ಬ್ರಷ್ಷಿನಿಂದ ಉದುರಿಸಿ ಆಮೇಲೆ ನೀರು ತಾಗಿಸಬೇಕು. ಜೂನ್‌ನಿಂದ ಆಟಿ ತಿಂಗಳು (ಆಗಸ್ಟ್ ನಡುಭಾಗಕ್ಕೆ) ಮುಗಿಯುವ ತನಕ ನಾನು ಯಾವ ಕಾರ್ಪೆಟ್ಟನ್ನೂ ಪೂರ್ತಿ ತೊಯ್ಯಿಸುವುದಿಲ್ಲ. ಆ ಗಾಳಿಯಲ್ಲಿ ಬುಡ ಒಣಗದೆ ವಾರದೊಳಗೆ ಬೂಸ್ಟು ಬರುತ್ತದೆ, ಆ ವಾಸನೆಯನ್ನು ತೆಗೆಯುವ ದ್ರವ ನನಗಿನ್ನೂ ಸಿಕ್ಕಿಲ್ಲ.